ಸಂಗೀತ ಕಲಿಯುವ ಮಕ್ಕಳಿಗೆ ಗೈಡ್ ಒಂದೇ ಸಾಕೇ?

ಮಾನ್ಯ ಸಂಪಾದಕರೇ,

ಜೂನಿಯರ್ ಸಂಗೀತ ಪರೀಕ್ಷೆ ಹತ್ತಿರ ಬಂತೆಂದರೆ ಮೈಸೂರಿನ ಪೋಷಕರು ಪುಸ್ತಕದಂಗಡಿಯಲ್ಲಿ ಮೊದಲು ವಿಚಾರಿಸುವುದು ಪ್ರಶ್ನೋತ್ತರದ ಗೈಡನ್ನು. ತ್ಯಾಗರಾಜರು ಹುಟ್ಟಿದ್ದು 1767ರಲ್ಲಿ, ಊರು ತಿರುವಾರೂರು, ಗುರುಗಳು ಇಂಥವರು, ಅಂಕಿತ ಇಂಥದ್ದು ಎಂದು ನಾಲ್ಕು ಸಾಲು ಉರು ಹೊಡೆದ ಮಗುವಿಗೆ ಶಾಸ್ತ್ರದ (ಥಿಯರಿ) ಪತ್ರಿಕೆಯಲ್ಲಿ ಅಂಕಗಳೇನೋ ಬರುತ್ತವೆ; ಪರೀಕ್ಷೆ ಮುಗಿದ ಮೇಲೆ ಆ ಪುಸ್ತಕವನ್ನು ಮತ್ತೆ ತೆರೆಯಬೇಕೆಂಬ ಆಸೆ ಮಾತ್ರ ಯಾವ ಮಗುವಿಗೂ ಹುಟ್ಟಿದ್ದನ್ನು ನಾನು ಕಂಡಿಲ್ಲ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಓದಿ ಸಂತೋಷಪಡಬಹುದಾದ ಸಂಗೀತದ ಪುಸ್ತಕವನ್ನು ನಾವು ಅವರ ಕೈಗೆ ಕೊಟ್ಟೇ ಇಲ್ಲ.

ಅಂಥ ಪುಸ್ತಕಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಈ ಊರಿನ ಆಸ್ಥಾನ ವಿದ್ವಾಂಸರಾಗಿದ್ದ ಮೈಸೂರು ವಾಸುದೇವಾಚಾರ್ಯರು (1865–1961) 'ನಾ ಕಂಡ ಕಲಾವಿದರು' ಮತ್ತು 'ನೆನಪುಗಳು' ಎಂಬ ಎರಡು ಕೃತಿಗಳನ್ನು ಕನ್ನಡದಲ್ಲಿ ಬಿಟ್ಟುಹೋಗಿದ್ದಾರೆ. ಅರಮನೆಯ ನೆರವಿನಿಂದ ತಿರುವೈಯಾರಿಗೆ ಹೋಗಿ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಶಿಷ್ಯವೃತ್ತಿ ಮಾಡಿದವರು, ವೀಣೆ ಶೇಷಣ್ಣನವರಂಥ ದಿಗ್ಗಜರನ್ನು ಎದುರು ಕೂತು ಕೇಳಿದವರು ತಾವು ಕಂಡದ್ದನ್ನು ಕಂಡಂತೆ ಹೇಳುವಾಗ, ಗೈಡಿನಲ್ಲಿ ಬರಿಯ ಹೆಸರುಗಳಾಗಿ ಉಳಿದವರು ಸಿಟ್ಟು, ಪ್ರೀತಿ, ಹಟ, ಔದಾರ್ಯಗಳುಳ್ಳ ಮನುಷ್ಯರಾಗುತ್ತಾರೆ. 'ಬ್ರೋಚೇವಾರೆವರುರಾ' ಹಾಡುವ ಮಕ್ಕಳು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಅದನ್ನು ರಚಿಸಿದವರೇ ಇಷ್ಟು ಸೊಗಸಾದ ಗದ್ಯವನ್ನೂ ಬರೆದಿದ್ದಾರೆಂದು ಹೇಳಿದರೆ ಅವರು ಬೆರಗಾಗಿ ನೋಡುತ್ತಾರೆ. (ಕೆಲವೊಮ್ಮೆ ಜೊತೆಯಲ್ಲಿ ಬಂದ ತಂದೆತಾಯಿಗಳೂ ಹಾಗೆಯೇ ನೋಡುತ್ತಾರೆ.)

ಪಾಠದ ಪುಸ್ತಕಗಳ ವಿಷಯಕ್ಕೆ ಬಂದರೆ ಕೊರತೆ ಇನ್ನೊಂದು ಬಗೆಯದು. ಮಕ್ಕಳು ಮೊದಲು ಕಲಿಯುವ ಸರಳ ಹಾಡುಗಳಾದ ಪುರಂದರದಾಸರ ಪಿಳ್ಳಾರಿ ಗೀತೆಗಳನ್ನೇ ತೆಗೆದುಕೊಳ್ಳಿ. ಅವುಗಳ ರಾಗವಾದ ಮಲಹರಿಯ ಆರೋಹಣ (ಸ್ವರಗಳು ಏರುವ ಕ್ರಮ) ಸ ರಿ ಮ ಪ ದ ಸ, ಅವರೋಹಣ (ಇಳಿಯುವ ಕ್ರಮ) ಸ ದ ಪ ಮ ಗ ರಿ ಸ. ನಿಷಾದ (ನಿ) ಎಲ್ಲಿಯೂ ಇಲ್ಲ, ಗಾಂಧಾರ (ಗ) ಇಳಿಯುವಾಗ ಮಾತ್ರ ಎಂದು ಗೈಡ್ ಹೇಳುತ್ತದೆ. ಮಗು ಅದನ್ನು ಒಪ್ಪಿಸಿ, ಮರುಕ್ಷಣವೇ 'ಲಂಬೋದರ ಲಕುಮಿಕರ' ಹಾಡುತ್ತದೆ. ಅಲ್ಲಿ 'ಲಕುಮಿಕರ' ಎಂಬುದಕ್ಕೆ ಇರುವ ಸ್ವರ ಸ ರಿ ಗ ರಿ ಸ. ರಿಷಭದಿಂದ (ರಿ) ಗಾಂಧಾರಕ್ಕೆ ಹತ್ತಿದೆವಲ್ಲ, ಇದು ಹೇಗೆ ಎಂದು ಚುರುಕಾದ ಮಗು ಕೇಳಿಯೇ ಕೇಳುತ್ತದೆ. ಏಣಿಯ ಮೆಟ್ಟಿಲಿನಂತೆ ಬರೆದಿಟ್ಟ ಆರೋಹಣ ಅವರೋಹಣಗಳು ರಾಗದ ಗುರುತಿಗಷ್ಟೇ ಸಾಕು, ರಾಗದ ಜೀವ ಇರುವುದು ಇಂಥ ಪ್ರಯೋಗಗಳಲ್ಲಿ ಎಂಬ ಪಾಠವನ್ನು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಮುಂದೆ ಎಷ್ಟೋ ವರ್ಷ ಸಿಗುವುದಿಲ್ಲ. ನಮ್ಮ ಮಕ್ಕಳು ಬಳಸುವ ಗೈಡುಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ರಾಗದ ಲಕ್ಷಣ ಒಂದು ಪುಟದಲ್ಲಿ, ಗೀತೆ ಇನ್ನೊಂದು ಪುಟದಲ್ಲಿ, ಎರಡಕ್ಕೂ ಸಂಬಂಧವಿಲ್ಲ.

ಹಿಂದಿನವರು ಈ ಕೆಲಸವನ್ನು ಸಣ್ಣದೆಂದು ತಿಳಿದಿರಲಿಲ್ಲ. ಎಟ್ಟಯಪುರದ ಸುಬ್ಬರಾಮ ದೀಕ್ಷಿತರು 1904ರಲ್ಲಿ ತೆಲುಗಿನಲ್ಲಿ ಪ್ರಕಟಿಸಿದ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಎಂಥ ಗ್ರಂಥವೆಂಬುದು ವಿದ್ವಾಂಸರಿಗೆ ಗೊತ್ತು. ವಾಗ್ಗೇಯಕಾರರ (ಸಾಹಿತ್ಯ, ಸಂಗೀತ ಎರಡನ್ನೂ ತಾವೇ ರಚಿಸಿದವರ) ಚರಿತ್ರೆ, ಒಂದೊಂದು ರಾಗದ ಲಕ್ಷಣ, ಅದರ ಬೆನ್ನಿಗೇ ಆ ರಾಗದ ರಚನೆಗಳು, ಸ್ವರಗಳ ಮೇಲೆ ಗಮಕವನ್ನು (ಸ್ವರವನ್ನು ತೂಗಿಸಿ, ಜಾರಿಸಿ ಹಾಡುವ ಬಗೆಯನ್ನು) ತೋರಿಸುವ ಚಿಹ್ನೆಗಳು, ಎಲ್ಲವೂ ಅದರಲ್ಲಿವೆ. ಅಂಥ ಮಹಾಗ್ರಂಥವನ್ನು ಮುಗಿಸಿದ ಅದೇ ಹಿರಿಯರು ಮರುವರ್ಷ, 1905ರಲ್ಲಿ, ಮೊದಲ ಪಾಠದವರಿಗೆಂದು 'ಪ್ರಥಮಾಭ್ಯಾಸ ಪುಸ್ತಕಮು' ಹೊರತಂದರು. ನಮ್ಮಲ್ಲಿ ಇಂದು ಹಿರಿಯ ವಿದ್ವಾಂಸರು ಸಂಶೋಧನ ಗ್ರಂಥ ಬರೆಯುತ್ತಾರೆ. ಸರಳೆ ವರಸೆ, ಅಂದರೆ ಮೊಟ್ಟಮೊದಲ ಸ್ವರಪಾಠ, ಕಲಿಯುವ ಮಗುವಿನ ಪುಸ್ತಕವನ್ನು ಯಾರೋ ಅವಸರದಲ್ಲಿ ಹೊಂದಿಸಿಕೊಡುತ್ತಾರೆ. ಈ ಕ್ರಮ ತಲೆಕೆಳಗಾದದ್ದೆಂದು ನನ್ನ ಭಾವನೆ.

ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ನಮ್ಮ ಊರಿನಲ್ಲಿಯೇ ಇದೆ. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯಾಗಲಿ, ಕನ್ನಡ ಪುಸ್ತಕ ಪ್ರಾಧಿಕಾರವಾಗಲಿ ಅದರೊಡನೆ ಕೈಜೋಡಿಸಿ, ವಾಸುದೇವಾಚಾರ್ಯರ ಎರಡೂ ಪುಸ್ತಕಗಳಿಂದ ಆಯ್ದ ಭಾಗಗಳನ್ನು ಹನ್ನೆರಡು ಹದಿಮೂರು ವಯಸ್ಸಿನವರು ಓದುವಂತೆ ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ. ಅವರ ಭಾಷೆಯನ್ನು ತಿದ್ದುವ ಗೋಜಿಗೆ ಹೋಗುವುದು ಬೇಡ. ಪಲ್ಲವಿ, ನೆರವಲು, ತಾನ ಮುಂತಾದ ಮಾತುಗಳು ಬಂದಲ್ಲಿ ಪುಟದ ಕೆಳಗೆ ಎರಡು ಸಾಲಿನ ಟಿಪ್ಪಣಿ ಇದ್ದರೆ ಸಾಕು. ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಕಳೆದ ಮೇಲೆ ಕೃತಿಸ್ವಾಮ್ಯ ಮುಗಿಯುವುದರಿಂದ, ಇದಕ್ಕೆ ಕಾನೂನಿನ ತೊಡಕೂ ಇದ್ದಂತೆ ಕಾಣುವುದಿಲ್ಲ. ಅದರ ಜೊತೆಗೆ ಗೀತೆಗಳನ್ನೂ ಅವುಗಳ ರಾಗಲಕ್ಷಣವನ್ನೂ ಒಂದೇ ಪುಟದಲ್ಲಿ ಎದುರುಬದುರು ಇಟ್ಟು ವಿವರಿಸುವ ಸಣ್ಣ ಕನ್ನಡ ಪುಸ್ತಕವೊಂದನ್ನು, ಕಲಿಸಿ ಪಳಗಿದ ವಿದ್ವಾಂಸರೊಬ್ಬರಿಂದಲೇ ಬರೆಸಲಿ. ಜೂನಿಯರ್ ಪರೀಕ್ಷೆಯ ಶಾಸ್ತ್ರಪತ್ರಿಕೆಯಲ್ಲಿ ಈ ಓದಿನ ಮೇಲೆ ಒಂದು ಪ್ರಶ್ನೆ ಇದ್ದರೆ ಪೋಷಕರು ತಾವಾಗಿಯೇ ಪುಸ್ತಕ ಕೊಳ್ಳುತ್ತಾರೆ; ಬೆಲೆಯನ್ನು ಮಾತ್ರ ಗೈಡಿಗಿಂತ ಕಡಿಮೆ ಇಡಬೇಕು.

ಇತಿ,
ಸಂಗೀತ ಶಿಕ್ಷಕಿ, ಕುವೆಂಪುನಗರ, ಮೈಸೂರು