ಹಂಪಿಯ ಟಿಕೆಟ್ ಎರಡು ದಿನ ನಡೆಯಲಿ

ಮಾನ್ಯ ಸಂಪಾದಕರೇ,

2021ರ ನವೆಂಬರ್‌ನಲ್ಲಿ ಕನಕ ಜಯಂತಿ ಸೋಮವಾರ ಬಂದಿತ್ತು. ಭಾನುವಾರವೂ ಸೇರಿ ಎರಡು ದಿನ ರಜೆ. ಮನೆಯ ದೊಡ್ಡವರಿಗೆಲ್ಲ ಕೊರೊನಾ ಲಸಿಕೆಯ ಎರಡನೇ ಡೋಸ್ ಆಗಿತ್ತು. ಮನೆಯಲ್ಲೇ ಕೂತು ಮೊಮ್ಮಗನಿಗೂ ಸಾಕಾಗಿತ್ತು, ನಮಗೂ ಸಾಕಾಗಿತ್ತು. ಬುತ್ತಿ ಕಟ್ಟಿಕೊಂಡು ದಾವಣಗೆರೆಯಿಂದ ಹಂಪಿಗೆ ಹೊರಟೆವು. ಅಕಾಲ ಮಳೆಗೆ ದಾರಿಯಲ್ಲಿ ಭತ್ತ ನೆಲಕ್ಕೆ ಮಲಗಿತ್ತು. ಇಂಥ ಹೊತ್ತಲ್ಲಿ ಟೂರ್ ಬೇಕಿತ್ತಾ ಅಂತ ನಮ್ಮ ಯಜಮಾನರು ಎರಡು ಸಲ ಅಂದರು. ಕಾರನ್ನು ಮಾತ್ರ ತಿರುಗಿಸಲಿಲ್ಲ.

ಹೋಗಿ ನೋಡಿದರೆ ಅರ್ಧ ಕರ್ನಾಟಕ ನಮಗಿಂತ ಮೊದಲೇ ಬಂದಿತ್ತು. ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗುವ ಬ್ಯಾಟರಿ ಗಾಡಿಗೆ ಉದ್ದ ಸಾಲು. ಮಾಸ್ಕ್ ಎಲ್ಲರಿಗೂ ಇತ್ತು, ಗದ್ದದ ಮೇಲೆ. ಒಳಗೆ ಕಲ್ಲಿನ ರಥದ ಮುಂದೆ 50 ರೂಪಾಯಿ ನೋಟು ಎತ್ತಿ ಹಿಡಿದು ನಿಂತವರ ಗುಂಪು ಇನ್ನೂ ಜಾಸ್ತಿ. ನೋಟಿನಲ್ಲಿರುವ ರಥವೂ ಎದುರಿಗಿರುವ ರಥವೂ ಒಂದೇ ಫೋಟೋದಲ್ಲಿ ಬರಬೇಕು. ಬಂತಾ? ಸರಿ, ವಾಪಸ್ ಗಾಡಿ ಹತ್ತಿದರು. ನಾನು ಬೇರೆಯವರನ್ನು ಆಡಿಕೊಳ್ಳುತ್ತಿಲ್ಲ. 2018ರಲ್ಲಿ ನಾವೂ ಹೀಗೇ ಮಾಡಿದ್ದೆವು. ಬೆಳಿಗ್ಗೆ ಹಂಪಿ, ಸಂಜೆ ತುಂಗಭದ್ರಾ ಡ್ಯಾಂ, ರಾತ್ರಿ ಊಟಕ್ಕೆ ಮನೆ.

ಈ ಸಲ ಒಬ್ಬ ಗೈಡ್ ಮಾಡಿಕೊಂಡೆವು. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಅಷ್ಟು ಜನರ ನಡುವೆ ಸುಮ್ನೆ ನಿಂತಿದ್ದರು. ಯಾರೂ ಕರೆಯುತ್ತಿರಲಿಲ್ಲ. ಲಾಕ್‌ಡೌನ್‌ನಲ್ಲಿ ಏನು ಮಾಡಿದಿರಪ್ಪಾ ಅಂತ ಕೇಳಿದೆ. "ಬಾಳೆ ತೋಟಕ್ಕ ಕೂಲಿಗೆ ಹೋದ್ನಿ ರೀ ಅಮ್ಮಾ" ಅಂದರು. ಆಮೇಲೆ ಅವರೇ ಹೇಳಿದರು: "ಮೊದ್ಲು ಫಾರಿನ್‌ನವ್ರು ಬಂದ್ರ ಹದಿನೈದು ದಿನ ಇರ್ತಿದ್ರು. ಸೈಕಲ್ ತಗೊಂಡು ಒಂದೊಂದ್ ಕಲ್ಲೂ ನೋಡ್ತಿದ್ರು. ನಮ್ಮ ಮಂದಿ ಬರ್ತಾರ, ರಥ ಎಲ್ಲೈತಿ ಅಂತಾರ, ಹೋಗ್ತಾರ."

ಅವರು ನಮ್ಮನ್ನು ಒಂದು ಕಂಬದ ಹತ್ತಿರ ನಿಲ್ಲಿಸಿದರು. ಅದರ ಮೇಲೆ ಅಂಗೈಯಗಲದ ಒಂದು ಕೆತ್ತನೆ. ಅವರು ಅದರ ಒಂದು ಭಾಗಕ್ಕೆ ಕೈ ಅಡ್ಡ ಹಿಡಿದರು, ಕಪ್ಪೆ ಕಾಣಿಸಿತು. ಕೈ ಸ್ವಲ್ಪ ಸರಿಸಿದರು, ಕೋತಿ ಆಯಿತು. ಇನ್ನಷ್ಟು ಸರಿಸಿದರೆ ಹಾವು. ಮೊಮ್ಮಗ ತಾನೂ ಕೈ ಅಡ್ಡ ಹಿಡಿದು ಹಿಡಿದು ನೋಡಿದ. ಅಲ್ಲೇ ಅರ್ಧ ಗಂಟೆ ಹೋಯಿತು. ಅಷ್ಟರಲ್ಲಿ ನಮ್ಮ ಪಕ್ಕದಲ್ಲೇ ಎಷ್ಟೋ ಜನ ಹಾದು ಹೋದರು.

ದೇಶದ ಸಂರಕ್ಷಿತ ಸ್ಮಾರಕಗಳನ್ನೆಲ್ಲ 2020ರ ಮಾರ್ಚ್ 17ಕ್ಕೆ ಮುಚ್ಚಿದರು. ತೆರೆಯಲು ಒಪ್ಪಿಗೆ ಸಿಕ್ಕಿದ್ದು ಜುಲೈ 6ಕ್ಕೆ. 2021ರಲ್ಲಿ ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ ಮತ್ತೆ ಬೀಗ. ಹಂಪಿಯವರಿಗೆ ಇದರ ಮೇಲೆ ಇನ್ನೊಂದು ಪೆಟ್ಟು. ಸುಪ್ರೀಂ ಕೋರ್ಟ್ ಆದೇಶದ ಮೇಲೆ ತುಂಗಭದ್ರಾ ಹೊಳೆಯ ಆಚೆಗಿನ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಕೆಡವಿದ್ದೂ 2020ರ ಅದೇ ಮಾರ್ಚ್ ಮೊದಲ ವಾರ. ಆ ಕಟ್ಟಡಗಳು ಇರಬೇಕಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಹೊಳೆಯ ಆಚೆ ದಡದಲ್ಲಿ ಕೆಲಸ ಹೋದ ಎರಡೇ ವಾರಕ್ಕೆ ಈಚೆ ದಡದಲ್ಲೂ ಹೋಯಿತು. ಗೈಡ್, ಆಟೋದವರು, ಹರಿಗೋಲಿನವರು, ಸೈಕಲ್ ಬಾಡಿಗೆಗೆ ಕೊಡುವವರು, ಎಲ್ಲರೂ ಖಾಲಿ ಕೈ.

ಆ ಭಾನುವಾರ ರಾತ್ರಿ ಹಂಪಿಯ ಜನತಾ ಪ್ಲಾಟ್ ಬಡಾವಣೆಯಲ್ಲಿ ಉಳಿದೆವು. ಅಲ್ಲೊಂದು ಚಿಕ್ಕ ಹೋಟೆಲ್‌ನ ಗೋಡೆ ಮೇಲೆ ಹೀಬ್ರೂ ಭಾಷೆಯಲ್ಲಿ ಬರೆದ ಬೋರ್ಡ್ ಹಾಗೇ ಇತ್ತು. ಅದನ್ನು ಓದಿ ಬರುವ ಇಸ್ರೇಲಿನವರು ಎರಡು ವರ್ಷದಿಂದ ಇರಲಿಲ್ಲ. ಅದರ ಕೆಳಗೆ ಕೂತು ನಾವು ಅನ್ನ ಸಾರು ತಿಂದೆವು. ಟೊಮೆಟೊ ರೇಟ್ ಕೇಳಬೇಡಿ ಅಂತ ಮಾಲೀಕರು ಮೊದಲೇ ಹೇಳಿದ್ದರು. ನವೆಂಬರ್ 15ರಿಂದ ಪ್ರವಾಸಿ ವೀಸಾ ಮತ್ತೆ ಶುರುವಾಗಿದೆ, ಇನ್ನು ಬರಬಹುದು ಅನ್ನೋ ಆಸೆ ಅವರಿಗೆ. ನಾವು ಊರಿಗೆ ಬಂದು ಹತ್ತು ದಿನ ಆಗಿತ್ತೋ ಇಲ್ಲವೋ, ಬೆಂಗಳೂರಿನಲ್ಲಿ ಒಮಿಕ್ರಾನ್ ಸಿಕ್ಕಿತು ಅಂತ ಸುದ್ದಿ ಬಂತು. ಆ ಬೋರ್ಡ್ ನೆನಪಾಯಿತು.

ಸದ್ಯಕ್ಕೆ ಹಂಪಿಗೆ ನಾವೇ ಗತಿ ಅಲ್ವಾ? ಹಾಗಿದ್ದಾಗ ನಮ್ಮವರು ಅಲ್ಲಿ ಒಂದು ರಾತ್ರಿ ಉಳಿಯುವಂತೆ ಮಾಡಬೇಕು. ಉಳಿದರೆ ತಾನೇ ರೂಮು, ಊಟ, ಆಟೋ, ಗೈಡ್ ಅಂತ ನಾಲ್ಕು ಮನೆಗೆ ದುಡ್ಡು ಹೋಗುವುದು? ಅದಕ್ಕೆ ಒಂದು ಸಣ್ಣ ತಿದ್ದುಪಡಿ ಸಾಕು ಅಂತ ನನಗೆ ಅನಿಸುತ್ತದೆ. ವಿಠ್ಠಲ ದೇವಸ್ಥಾನ, ಕಮಲ ಮಹಲ್ ಮತ್ತು ಕಮಲಾಪುರದ ಮ್ಯೂಸಿಯಂ ಮೂರಕ್ಕೂ ಸೇರಿ 40 ರೂಪಾಯಿಯ ಒಂದೇ ಟಿಕೆಟ್ ಇದೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅದೂ ಬೇಡ. ಒಳ್ಳೆಯ ವ್ಯವಸ್ಥೆ. ಆದರೆ ಅದು ಆ ಒಂದು ದಿನಕ್ಕೆ ಮಾತ್ರ. ಟಿಕೆಟ್ ವಸೂಲಾಗಬೇಕು ಅಂತ ಜನ ಮೂರೂ ಕಡೆ ಓಡುತ್ತಾರೆ, ಸಂಜೆಗೆ ಸುಸ್ತಾಗಿ ಊರಿಗೆ ಹೊರಡುತ್ತಾರೆ. ಇದನ್ನು ಎರಡು ದಿನಕ್ಕೆ ಮಾಡಲಿ. ಬೇಕಾದರೆ ಹತ್ತು ರೂಪಾಯಿ ಜಾಸ್ತಿ ತೆಗೆದುಕೊಳ್ಳಲಿ. ಹೇಗೂ ಈಗ ಟಿಕೆಟ್ ಮೊಬೈಲ್‌ಗೇ ಬರುತ್ತದೆ, ತಾರೀಖು ಬದಲಾಯಿಸಲು ಹೊಸದಾಗಿ ಅಚ್ಚು ಹಾಕಿಸಬೇಕಾಗಿಲ್ಲ.

ಉಳಿದಿದ್ದರಿಂದ ನಮಗೇನು ಸಿಕ್ಕಿತು ಅಂತಲೂ ಹೇಳಬೇಕು. ಹೇಮಕೂಟ ಗುಡ್ಡದಲ್ಲಿ ಮೋಡ ಕವಿದು ಸೂರ್ಯ ಮುಳುಗಿದ್ದೇ ಕಾಣಲಿಲ್ಲ. ಅದು ಹೋಗಲಿ. ಮರುದಿನ ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕತ್ತಲೆ ಕೋಣೆಗೆ ಹೋದೆವು. ಒಂದು ಕಿಂಡಿಯಿಂದ ಬೆಳಕು ಬಂದು ಎದುರು ಗೋಡೆ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುತ್ತದೆ. ಮೊಮ್ಮಗ ಆರನೇ ಕ್ಲಾಸು. ಸೂಜಿರಂಧ್ರ ಕ್ಯಾಮೆರಾ ಪಾಠ ಆಗಿದ್ದು ಆನ್‌ಲೈನ್‌ನಲ್ಲಿ, ಆ ಹೊತ್ತಿಗೆ ನೆಟ್‌ವರ್ಕ್ ಇರಲಿಲ್ಲವಂತೆ. ಗೋಡೆ ಮುಂದೆ ಬಗ್ಗಿ, ತಲೆಯನ್ನು ಕಾಲುಗಳ ನಡುವೆ ತೂರಿಸಿ, ಗೋಪುರ ನೆಟ್ಟಗೆ ಕಾಣುತ್ತಾ ಅಂತ ನೋಡಿದ. ಹಿಂದಿದ್ದವರು ಮಾಸ್ಕ್ ಒಳಗೇ ನಕ್ಕರು.

ಮ್ಯೂಸಿಯಂ ಮಾತ್ರ ತಪ್ಪಿತು. ಭಾನುವಾರ ಕಂಬದ ಹತ್ತಿರ ಹೊತ್ತು ಕಳೆದು ಅಲ್ಲಿಗೆ ಹೋಗಲು ಆಗಲಿಲ್ಲ, ಸೋಮವಾರಕ್ಕೆ ಟಿಕೆಟ್ ನಡೆಯುವುದಿಲ್ಲ. ನಾಲ್ಕು ಜನಕ್ಕೆ 160 ರೂಪಾಯಿ ಮತ್ತೆ ಕೊಡಬಹುದಿತ್ತು, ಜಿಪುಣತನ ಬಿಡಲಿಲ್ಲ. ಇಡೀ ಹಂಪಿಯ ಮಾದರಿ ಅಲ್ಲಿನ ಅಂಗಳದಲ್ಲಿದೆ ಅಂತ ಗೈಡ್ ಹೇಳಿದ್ದರು. ಮೊಮ್ಮಗ ಆ ಟಿಕೆಟನ್ನು ನನ್ನ ಮೊಬೈಲ್‌ನಿಂದ ಇನ್ನೂ ಅಳಿಸಲು ಬಿಟ್ಟಿಲ್ಲ.

— ನಿವೃತ್ತ ಶಿಕ್ಷಕಿ, ದಾವಣಗೆರೆ
ಡಿಸೆಂಬರ್ 2021