ಗೆಳೆಯನಿಗೊಂದು ಪತ್ರ: ಗೋಡೆಯಿಂದ ಎರಡು ಅಡಿ ಮುಂದೆ

ಪ್ರೀತಿಯ ಗೆಳೆಯ,

ನೀನು ಧಾರವಾಡ ಸೇರಿ ಹನ್ನೊಂದು ವರ್ಷವಾಯಿತು. ಮಲ್ಲಿಕಾರ್ಜುನ ಮನ್ಸೂರರ ಗಾಯನದ ನನ್ನ ಎಲ್‌ಪಿ ತಟ್ಟೆ ನಿನ್ನ ಮನೆ ಸೇರಿ ಅದಕ್ಕಿಂತಲೂ ಹೆಚ್ಚು ಕಾಲವಾಗಿದೆ. ಆ ವ್ಯಾಜ್ಯವನ್ನು ಕೊನೆಗೆ ಎತ್ತುತ್ತೇನೆ. ಈಗ ಒಂದು ತಪ್ಪೊಪ್ಪಿಗೆಯಿದೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಗಲು ಶುರು ಮಾಡುತ್ತೀಯ, ಹಾಗಾಗಿ ಪತ್ರ. ನಮ್ಮಂಥ ಇನ್ನೂ ನಾಲ್ಕು ಹುಚ್ಚರು ಓದಿಕೊಳ್ಳಲಿ ಎಂದು ಎಲ್ಲರಿಗೂ ಕಾಣುವಂತೆಯೇ ಹಾಕುತ್ತಿದ್ದೇನೆ.

ನನ್ನ ತಂಗಿಯ ಮಗಳು ನಿನಗೆ ನೆನಪಿರಬೇಕು. ಚಿಕ್ಕವಳಿದ್ದಾಗ ಆಂಪ್ಲಿಫೈಯರ್ ಮೇಲೆ ಹಾಲಿನ ಲೋಟ ಇಟ್ಟು ನಿನ್ನಿಂದ ಬೈಸಿಕೊಂಡವಳು. ಈಗ ಸಾಫ್ಟ್‌ವೇರ್ ಕೆಲಸ, ಮಾರತಹಳ್ಳಿಯ ಪಿ.ಜಿ.ಯೊಂದರಲ್ಲಿ ವಾಸ. ಅವಳಿಗೂ ಹೈ-ಫೈ ಹುಚ್ಚು ಹತ್ತಿದೆ ಎಂದು ತಿಳಿದಾಗ ವಂಶಕ್ಕೊಬ್ಬಳಾದರೂ ಸಿಕ್ಕಳಲ್ಲ ಎಂದು ಹಿಗ್ಗಿದ್ದೆ. ಆಮೇಲೆ ಅವಳ ಸಿಸ್ಟಮ್ ನೋಡಿದೆ. ಫೋನಿನ ಬಾಲಕ್ಕೆ ಸಿಕ್ಕಿಸುವ, ಹೆಬ್ಬೆರಳಿಗಿಂತ ಚಿಕ್ಕದಾದ ಡ್ಯಾಕ್ ಒಂದು (ಡಿಜಿಟಲ್ ಅಂಕಿಗಳನ್ನು ಸಂಗೀತದ ಸಂಕೇತವಾಗಿ ಬದಲಿಸುವ ಸಾಧನ), ಕಿವಿಗೆ ತುರುಕಿಕೊಳ್ಳುವ ಕಡಲೆಬೀಜದಂಥ ಎರಡು ಇಯರ್‌ಫೋನು. ಅಷ್ಟೂ ನನ್ನ ಕನ್ನಡಕದ ಡಬ್ಬಿಯೊಳಗೆ ಹಿಡಿಸುತ್ತದೆ.

ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. "ಮಾವ, ನಿಮ್ಮ ಸ್ಪೀಕರ್ ಪೆಟ್ಟಿಗೆಗಳನ್ನು ನಮ್ಮ ರೂಮಿನಲ್ಲಿ ಇಟ್ಟರೆ ಮೂವರಲ್ಲಿ ಒಬ್ಬಳು ಮೆಟ್ಟಿಲ ಮೇಲೆ ಮಲಗಬೇಕಾಗುತ್ತದೆ" ಎಂದಳು.

ಆಗ ನನಗೆ 1984 ನೆನಪಾಯಿತು. ಹೊರದೇಶದ ಆಂಪ್ಲಿಫೈಯರ್ ಬೇಕೆಂದರೆ ಕೊಲ್ಲಿಯಿಂದ ಬರುವ ನೆಂಟರಿರಬೇಕಿತ್ತು. ನಮ್ಮಿಬ್ಬರ ನೆಂಟರು ತುಮಕೂರು ದಾಟಿದವರಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 2ಎನ್3055 ಟ್ರಾನ್ಸಿಸ್ಟರುಗಳನ್ನು ಕೊಂಡು, ನಿಮ್ಮ ಮನೆಯ ಮಾಳಿಗೆಯಲ್ಲಿ ಕೂತು ಬೆಸುಗೆ ಹಾಕಿದೆವು. ಆ ಟ್ರಾನ್ಸಿಸ್ಟರಿನ ಲೋಹದ ಕವಚವೇ ಅದರ ಕಲೆಕ್ಟರ್, ಅಂದರೆ ಕರೆಂಟು ಹರಿಯುವ ಒಂದು ತುದಿ. ಅದಕ್ಕೂ ಬಿಸಿ ಹೀರುವ ಲೋಹದ ಹೀಟ್‌ಸಿಂಕಿಗೂ ನಡುವೆ, ಕರೆಂಟು ದಾಟದಂತೆ, ಅಭ್ರಕದ ತೆಳ್ಳನೆಯ ಬಿಲ್ಲೆ ಇಡಬೇಕು, ಚಿಕ್ಕಂದಿನಲ್ಲಿ ನಾವು ಕಾಗೆಬಂಗಾರ ಎಂದು ಆರಿಸುತ್ತಿದ್ದೆವಲ್ಲ, ಅದೇ. ಎರಡೂ ಬದಿಗೆ ಬಿಳಿಯ ಪೇಸ್ಟ್ ಸವರಬೇಕು. ನೀನು ಮೂರಕ್ಕೆ ಇಟ್ಟೆ, ನಾಲ್ಕನೆಯದಕ್ಕೆ ಮರೆತೆ. ಸ್ವಿಚ್ ಒತ್ತಿದ್ದು ನಾನು. ಫಟ್ ಎಂದ ಸದ್ದು, ಸುಟ್ಟ ವಾಸನೆ, ಇಡೀ ಮನೆಯ ಫ್ಯೂಸ್ ಹೋಗಿ ನಿಮ್ಮ ತಂದೆ ಕತ್ತಲಲ್ಲೇ ಮೇಲೆ ಹತ್ತಿ ಬಂದದ್ದು. "ರೇಡಿಯೋದಲ್ಲಿ ಹಾಡು ಕೇಳಿಸುತ್ತದಲ್ಲ, ಇನ್ನೇನು ಬೇಕು ನಿಮಗೆ?" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ. ಒಂದು ಬದಿಗೆ ಮೂರು ನಿಮಿಷ ಹಾಡುವ ಹಳೆಯ 78ರ ಗ್ರಾಮಫೋನ್ ತಟ್ಟೆಯಲ್ಲಿ, ಕರಕರ ಸದ್ದಿನ ನಡುವೆಯೇ ಸಂಗೀತ ಹೆಕ್ಕಿಕೊಂಡು ಬೆಳೆದವರು ಅವರು. ಅವರ ಕಣ್ಣಿಗೆ ನಾವೇ ದಾರಿ ತಪ್ಪಿದ ಪೀಳಿಗೆ.

ಸುಟ್ಟದ್ದನ್ನು ಬದಲಾಯಿಸಿ ಸರಿಮಾಡಿದ ಅದೇ ಆಂಪ್ಲಿಫೈಯರ್ ಇವತ್ತಿಗೂ ಹಾಡುತ್ತದೆ. ಆಮೇಲೆ ಕೆಪಾಸಿಟರುಗಳು ಒಣಗಿದಾಗ ಎರಡು ಸಲ ಬದಲಾಯಿಸಿದ್ದೇನೆ, ಅಷ್ಟೇ. ಈ ಒಂದು ವಿಷಯದಲ್ಲಿ ನಾನು ಅವಳಿಗೆ ಸೋಲುವುದಿಲ್ಲ. ಅವಳ ಬಳಿಯಿದ್ದ ಇನ್ನೊಂದು, ತಂತಿಯಿಲ್ಲದ ಇಯರ್‌ಫೋನಿನ ಬ್ಯಾಟರಿ ಎರಡನೆಯ ವರ್ಷಕ್ಕೇ ಕೈಕೊಟ್ಟಿತು. ಎಸ್.ಪಿ. ರಸ್ತೆಗೆ ಕರೆದುಕೊಂಡು ಹೋದೆ. ಅಂಗಡಿಯವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನು ಬಿಚ್ಚಬೇಕಾದರೆ ಸುತ್ತಿಗೆಯೇ ಬೇಕು ಸಾರ್" ಎಂದು ವಾಪಸ್ ಕೊಟ್ಟ. ಒಂದು ಸ್ಕ್ರೂ ಕೂಡ ಇಲ್ಲದ ವಸ್ತುವನ್ನು ತನ್ನದು ಎಂದು ಹೇಗೆ ಅಂದುಕೊಳ್ಳುತ್ತಾರೋ ಕಾಣೆ.

ಮಿಕ್ಕ ವಿಷಯಗಳಲ್ಲಿ ಮಾತ್ರ ನನ್ನ ಸ್ಥಿತಿ ಹೇಳಿಕೊಳ್ಳುವಂಥದ್ದಲ್ಲ.

ಕಳೆದ ತಿಂಗಳು ಒಂದು ಭಾನುವಾರ ಲ್ಯಾಪ್‌ಟಾಪ್ ಮತ್ತು ಪೆನ್ಸಿಲಿನಂಥ ಒಂದು ಮೈಕ್ ಹಿಡಿದುಕೊಂಡು ಹನುಮಂತನಗರದ ನಮ್ಮ ಮನೆಗೆ ಬಂದಳು. ಮೊದಲು ನನ್ನ ಕಿವಿಯ ಪರೀಕ್ಷೆ. ಮನುಷ್ಯನ ಕಿವಿಯ ವ್ಯಾಪ್ತಿ 20ರಿಂದ 20,000 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಎಂದು ನಾವು ಬಾಯಿಪಾಠ ಮಾಡಿದ್ದೆವು. ವಯಸ್ಸಾದಂತೆ ಮೇಲಿನ ತುದಿ ಉದುರುತ್ತ ಬರುತ್ತದೆ ಎಂಬ ಸಾಲನ್ನು ಮಾತ್ರ ಬೇರೆಯವರಿಗೆ ಬಿಟ್ಟಿದ್ದೆವು. ಅವಳಿಗೆ 17,000ದವರೆಗೆ ಕೇಳಿಸಿತು. ನನಗೆ 11,000ಕ್ಕೆ ನಿಶ್ಶಬ್ದ. ಸಣ್ಣ ದನಿಗಳನ್ನು ಹಾಡುವ ಟ್ವೀಟರ್ ಎಂಬ ಚಿಕ್ಕ ಸ್ಪೀಕರಿನ "ಮೇಲಿನ ಹೊಳಪು" ಎಂದು ಬಂದವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆನಲ್ಲ, ಅದು ನನಗೆ ಎಂದಿನಿಂದ ಕೇಳಿಸುತ್ತಿಲ್ಲವೋ.

ಆಮೇಲೆ ನನ್ನ ಸಿ.ಡಿ. ಪ್ಲೇಯರ್ ಒಂದು ಕಡೆ, ಸುಮಾರು ಸಾವಿರ ರೂಪಾಯಿಯ ಅವಳ ಡ್ಯಾಕ್ ಇನ್ನೊಂದು ಕಡೆ. ತುಸು ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುತ್ತದಂತೆ, ಹಾಗಾಗಿ ಎರಡರ ಸದ್ದನ್ನೂ ಅಳೆದು ಸಮ ಮಾಡಿ, ಯಾವುದು ಯಾವುದು ಎಂದು ಹೇಳದೆ ಹತ್ತು ಸಲ ಕೇಳಿಸಿದಳು. ಐದು ಸಲ ಸರಿಯಾಗಿ ಗುರುತಿಸಿದೆ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಇದರ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಮೂರನೆಯದರಲ್ಲಿ. ನಾನು ಕೂರುವ ಬೆತ್ತದ ಕುರ್ಚಿಯ ಮೇಲೆ, ಸರಿಯಾಗಿ ನನ್ನ ತಲೆಯಿರುವ ಜಾಗದಲ್ಲಿ, ಮೈಕ್ ನಿಲ್ಲಿಸಿದಳು. ಸ್ಪೀಕರಿನಿಂದ ಊ ಎಂದು ನೆಲಮಾಳಿಗೆಯ ಗೊಗ್ಗರು ಸದ್ದಿನಿಂದ ಹೊರಟು ಈ ಎಂದು ಸೊಳ್ಳೆಯ ದನಿಯವರೆಗೆ ಏರುವ ಒಂದು ಸದ್ದು ಬಂತು. ಎದುರುಮನೆಯ ನಾಯಿ ಬೊಗಳಿತು. ನನ್ನ ಹೆಂಡತಿ ಕುಕ್ಕರಿನ ಕಡೆಗೆ ಓಡಿದಳು. ಪರದೆಯ ಮೇಲೆ, ಯಾವ ಸದ್ದು ಎಷ್ಟು ಜೋರು ಎಂದು ತೋರಿಸುವ ಒಂದು ಗೆರೆ ಮೂಡಿತು. 57 ಹರ್ಟ್ಜ್ ಬಳಿ ನಂದಿಬೆಟ್ಟದಂತೆ ಎದ್ದು ನಿಂತಿತ್ತು.

"ನಿಮ್ಮ ಕೋಣೆಯ ಅಗಲ ಹತ್ತು ಅಡಿ ಅಲ್ಲವೇ ಮಾವ?" ಎಂದಳು, ಅಳೆಯದೆಯೇ. 57 ಹರ್ಟ್ಜಿನ ಅಲೆಯ ಅರ್ಧ ಉದ್ದ ಸುಮಾರು ಹತ್ತು ಅಡಿ. ಆ ಒಂದು ಸದ್ದು ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ನಾನೋ ಪೆಟ್ಟಿಗೆಗಳನ್ನು ಮೂಲೆಗೆ ಒತ್ತಿ ಇಟ್ಟು ಅದಕ್ಕೆ ಇನ್ನಷ್ಟು ಬಲ ಕೊಟ್ಟಿದ್ದೆ. ನಿನಗೆ ನೆನಪಿದೆಯೇ, ಮೃದಂಗದ ಎಡದ ಗುಮ್ಕಿ ಎದೆಗೆ ಬಂದು ತಾಕುತ್ತದೆ ಎಂದು ನಾವು ಹೆಮ್ಮೆಪಡುತ್ತಿದ್ದುದು? ಅದು ಬಡಗಿಯ ಮುಂದೆ ನಿಂತು ಮಾಡಿಸಿದ ಆ ಪೆಟ್ಟಿಗೆಗಳ ಮಹಿಮೆ ಎಂದು ನಂಬಿದ್ದೆವು. ಮೂವತ್ತು ವರ್ಷ ನಾನು ಕೇಳಿದ್ದು ಮೃದಂಗವನ್ನಲ್ಲ, ಹನುಮಂತನಗರದ ಎರಡು ಗೋಡೆಗಳನ್ನು.

ಪೆಟ್ಟಿಗೆಗಳನ್ನು ಮೂಲೆಯಿಂದ ಎರಡು ಅಡಿ ಮುಂದಕ್ಕೆ ಎಳೆದೆವು. ಕೆಂಪು ಗಾರೆ ನೆಲದ ಮೇಲೆ ಅವು ಇದ್ದ ಜಾಗದ ಬಣ್ಣವೇ ಬೇರೆಯಾಗಿತ್ತು. ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದಳು. ಮೀಟು ಮುಗಿದ ಮೇಲೆ ತಂತಿಯ ನಾದ ಸಣ್ಣಗಾಗುತ್ತ ಗಮಕದೊಳಗೆ ಜಾರುವುದು ಕೇಳಿಸಿತು. ಅದು ಇಷ್ಟು ದಿನ ಗುಂಯ್‌ಗುಡುವ ತಳದಲ್ಲಿ ಮುಳುಗಿಹೋಗಿತ್ತು. ಸಂತೋಷವಾಯಿತೇ ಎಂದು ಕೇಳಬೇಡ. ಮೊದಲ ಎರಡು ದಿನ ಮನೆಯಲ್ಲಿ ಯಾರೋ ಊರಿಗೆ ಹೋದ ಹಾಗಿತ್ತು. ಮೂರನೆಯ ರಾತ್ರಿ ಎಲ್ಲರೂ ಮಲಗಿದ ಮೇಲೆ ಪೆಟ್ಟಿಗೆಗಳನ್ನು ಮತ್ತೆ ಮೂಲೆಗೆ ತಳ್ಳಿ ಕೇಳಿದೆ. ಸಹಿಸಲಾಗಲಿಲ್ಲ. ಒಮ್ಮೆ ಗೊತ್ತಾದ ಮೇಲೆ ಮುಗಿಯಿತು.

ಆ ಭಾನುವಾರ ಊಟಕ್ಕೆ ಕೂತಾಗ, ಸೋತವನು ಬೇರೇನು ಮಾಡುತ್ತಾನೆ, ನೀತಿ ಹೇಳಲು ಹೊರಟೆ. ಸಂಗೀತ ಹಂಚಿಕೊಳ್ಳುವಂಥದ್ದು, ನಿಮ್ಮ ಪೀಳಿಗೆ ಕಿವಿಗೆ ಬಿರಡೆ ಹಾಕಿಕೊಂಡು ಒಬ್ಬೊಬ್ಬರೇ ಕೇಳುತ್ತೀರಿ, ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಯಲ್ಲಿ ನಾವು ಹೊರಗೆ ಫುಟ್‌ಪಾತಿನ ಮೇಲೆ ಕೂತು ಕೇಳುತ್ತಿದ್ದೆವು, ಇತ್ಯಾದಿ. ಹುಡುಗಿ ಸುಮ್ಮನಿದ್ದಳು. ಸಾರು ಬಡಿಸುತ್ತಿದ್ದ ನನ್ನ ಹೆಂಡತಿ ಹೇಳಿದಳು: "ಅವಳು ತನ್ನ ಕಿವಿ ಮುಚ್ಚಿಕೊಳ್ಳುತ್ತಾಳೆ. ನೀವು ಮನೆಯವರ ಬಾಯಿ ಮುಚ್ಚಿಸುತ್ತೀರಿ."

ತುತ್ತು ಗಂಟಲಲ್ಲೇ ನಿಂತಿತು. ಆ ಹಜಾರದಲ್ಲಿ ಎರಡು ಸ್ಪೀಕರುಗಳಿಗೂ ಸಮದೂರದಲ್ಲಿ ಇರುವುದು ಒಂದೇ ಕುರ್ಚಿ, ನನ್ನದು. ನಾನು ಕೂತರೆ ಒಗ್ಗರಣೆಯ ಸದ್ದೂ ಬರುವಂತಿರಲಿಲ್ಲ, ಫ್ಯಾನ್ ಹಾಕುವಂತಿರಲಿಲ್ಲ. ಮಗನ ಪರೀಕ್ಷೆಯ ದಿನಗಳಲ್ಲಿ ನಾನು ಕ್ಯಾಸೆಟ್ ನಿಲ್ಲಿಸಿದ್ದೆನೇ ಎಂದು ನೆನಪು ಮಾಡಿಕೊಂಡೆ. ನಿಲ್ಲಿಸಿದ ನೆನಪು ಬರಲಿಲ್ಲ. ಹಂಚಿಕೊಂಡಿದ್ದೆ ನಿಜ, ಯಾರೂ ಕೇಳದೆಯೇ.

ಹೇಳಲು ಮರೆತೆ. ಅವಳ ಕಚೇರಿಯ ಹುಡುಗನೊಬ್ಬ ಈಗ ವಾಲ್ವ್ ಆಂಪ್ಲಿಫೈಯರ್ ಕಟ್ಟುತ್ತಿದ್ದಾನಂತೆ, ಹಳೆಯ ರೇಡಿಯೋಗಳಲ್ಲಿದ್ದ ಗಾಜಿನ ಬುರುಡೆಗಳದ್ದು. ಜಾಲಹಳ್ಳಿಯ ಬಿಇಎಲ್‌ನಲ್ಲಿ ತಯಾರಾದ ಹಳೆಯ ಇಎಲ್84 ವಾಲ್ವ್‌ಗಳಿಗಾಗಿ ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಅಲೆಯುತ್ತಾನಂತೆ. ನಿಮ್ಮ ತಂದೆಯ ರೇಡಿಯೋ ಜೊತೆ ನಾವು ಅಂಥವನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿ, ಆ ದುಡ್ಡಿನಲ್ಲಿ ಮಸಾಲೆದೋಸೆ ತಿಂದಿದ್ದೆವು. ಇದನ್ನು ಅವನಿಗೆ ಹೇಳಬೇಡ ಎಂದು ಅವಳಲ್ಲಿ ಕೇಳಿಕೊಂಡಿದ್ದೇನೆ.

ಈಗ ಎರಡನೆಯ ಕುರ್ಚಿಯೊಂದನ್ನು ತಂದು ಪಕ್ಕದಲ್ಲಿ ಹಾಕಿದ್ದೇನೆ. ಅದು ಸರಿಯಾದ ಜಾಗವಲ್ಲ, ಎಡದ ಸ್ಪೀಕರೇ ಹೆಚ್ಚು ಕೇಳಿಸುತ್ತದೆ. ಹೆಂಡತಿ ಅಲ್ಲಿ ಕೂತು ಅವರೆಕಾಯಿ ಸುಲಿಯುತ್ತಾಳೆ. ಸಿಪ್ಪೆಯ ಚಟಪಟ ಸುಮಾರು ಎಷ್ಟು ಹರ್ಟ್ಜ್ ಇರಬಹುದು ಎಂದು ಲೆಕ್ಕ ಹಾಕುತ್ತ ಸುಮ್ಮನಿರುತ್ತೇನೆ.

ರಾಮನವಮಿಗೆ ಬಾ. ಮನ್ಸೂರರ ತಟ್ಟೆ ತರುವುದನ್ನು ಮರೆಯಬೇಡ. ಎರಡನೆಯ ಬದಿಯಲ್ಲಿ ಮುಳ್ಳು ಹಾರುವ ಜಾಗ ನನ್ನ ಕಾಲದಲ್ಲಿ ಇರಲಿಲ್ಲ ಎಂಬುದನ್ನು ಈಗಲೇ ಬರೆದಿಡುತ್ತಿದ್ದೇನೆ. ಹುಡುಗಿಗೂ ಹೇಳಿದ್ದೇನೆ, ಮೈಕ್ ತೆಗೆದುಕೊಂಡು ಬರುತ್ತಾಳೆ. ನಿನ್ನ ಕಿವಿ 10,000 ದಾಟುವುದಿಲ್ಲ ಎಂದು ಅವಳ ಜೊತೆ ನೂರು ರೂಪಾಯಿ ಪಂಥ ಕಟ್ಟಿದ್ದೇನೆ.

ಇಂತು ನಿನ್ನ,
ಹನುಮಂತನಗರದ ಗೆಳೆಯ