ಜಿ1000: ವಿ-ನ್ಯಾವ್ ಇಳಿಕೆ ಬಗ್ಗೆ ಸದಸ್ಯರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಜಿ1000 ಎಂದರೆ ಗಾರ್ಮಿನ್ ಕಂಪನಿಯ ಕಾಕ್‌ಪಿಟ್ ಪರದೆ ವ್ಯವಸ್ಥೆ; ವಿ-ನ್ಯಾವ್ ಎಂದರೆ ಯೋಜಿಸಿದ ಎತ್ತರಗಳಿಗೆ ತಕ್ಕಂತೆ ಇಳಿಯುವ ದಾರಿ ತೋರಿಸುವ ಅದರ ಸೌಲಭ್ಯ. ಸಿಮ್ಯುಲೇಟರ್‌ನಲ್ಲಿ ವಿಎನ್‌ವಿ (ವಿ-ನ್ಯಾವ್) ಬಟನ್ ಒತ್ತಿದರೂ ವಿಮಾನ ಇಳಿಯದಿದ್ದರೆ ಮೊದಲು ಆಲ್ಟ್ ನಾಬ್, ಅಂದರೆ ಎತ್ತರ ಆಯ್ಕೆಯ ಗುಂಡಿ, ನೋಡಿ. ಆಯ್ದ ಎತ್ತರ ಕ್ರೂಸ್ ಎತ್ತರದಲ್ಲೇ ಉಳಿದಿದ್ದರೆ ಆಟೋಪೈಲಟ್ ಅದನ್ನು ದಾಟಿ ಕೆಳಗೆ ಹೋಗುವುದಿಲ್ಲ. ಇಳಿಕೆ ಶುರುವಾಗುವ ಮುನ್ನವೇ ಆಯ್ದ ಎತ್ತರವನ್ನು ಕಡಿಮೆ ಮಾಡಿ, ಆಮೇಲೆ ವಿಎನ್‌ವಿ ಒತ್ತಿ. ಪರದೆಯಲ್ಲಿ ವಿಪಿಟಿಎಚ್ (ಇಳಿಕೆಯ ಹಾದಿ ಹಿಡಿಯುವ ಮೋಡ್) ಬಿಳಿ ಅಕ್ಷರದಲ್ಲಿ ಕಂಡರೆ ಸಿದ್ಧವಾಗಿದೆ ಎಂದರ್ಥ. ಇಳಿಕೆಯ ಬಿಂದುವಿನಲ್ಲಿ ಅದೇ ಹಸಿರಾಗುತ್ತದೆ.

ಫ್ಲೈಟ್ ಪ್ಲಾನ್ ಪುಟದಲ್ಲಿ ಬಣ್ಣ ಗಮನಿಸಿ. ಬಿಳಿ ಎತ್ತರಗಳು ಮಾಹಿತಿಗೆ ಮಾತ್ರ. ತಿಳಿನೀಲಿಯಲ್ಲಿರುವುದನ್ನಷ್ಟೇ ವಿ-ನ್ಯಾವ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎಫ್‌ಎಂಎಸ್ ನಾಬ್ (ಫ್ಲೈಟ್ ಪ್ಲಾನ್ ತುಂಬುವ ಗುಂಡಿ) ಒತ್ತಿ ಕರ್ಸರ್ ತಂದು, ಎತ್ತರ ತುಂಬಿ ಎಂಟರ್ ಕೊಟ್ಟರೆ ಆಯಿತು.

ಉಪಕರಣವನ್ನೇ ನಂಬಿ ಕೂರಬೇಡಿ, ಲೆಕ್ಕ ನೀವೂ ಹಾಕಿ. 9000 ಅಡಿಯಿಂದ 3000ಕ್ಕೆ ಬರಲು ನಿಮಿಷಕ್ಕೆ 500 ಅಡಿಯಂತೆ 12 ನಿಮಿಷ ಬೇಕು. ನೆಲವೇಗ 120 ನಾಟ್ (ಗಂಟೆಗೆ 120 ನಾಟಿಕಲ್ ಮೈಲಿ) ಇದ್ದರೆ ಅಷ್ಟರಲ್ಲಿ 24 ನಾಟಿಕಲ್ ಮೈಲಿ ಸಾಗಿರುತ್ತೀರಿ. ಬೆನ್ನಗಾಳಿ ಸೇರಿ 140 ನಾಟ್ ಆದರೆ 28 ನಾಟಿಕಲ್ ಮೈಲಿ ಮೊದಲೇ ಇಳಿಯಲು ಶುರುಮಾಡಬೇಕು.

ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ಆಟೋಥ್ರಾಟಲ್ (ಎಂಜಿನ್ ಪವರ್ ತಾನೇ ಹೊಂದಿಸುವ ವ್ಯವಸ್ಥೆ) ಇಲ್ಲ. ವಿಪಿಟಿಎಚ್ ಇಳಿಜಾರನ್ನು ಹಿಡಿಯುತ್ತದೆ, ವೇಗವನ್ನಲ್ಲ. ಮೂಗು ಬಾಗಿದ ಕೂಡಲೇ ಪವರ್ ಇಳಿಸದಿದ್ದರೆ ವೇಗದ ಸೂಚಕ ಎಚ್ಚರಿಕೆಯ ಹಳದಿ ಪಟ್ಟಿಗೆ ಏರುತ್ತದೆ.

ಗಾರ್ಮಿನ್‌ನದೇ ಹಳೆಯ ಜಿಪಿಎಸ್ ಉಪಕರಣ ಜಿಎನ್‌ಎಸ್ 530 ಬಳಸುವವರಿಗೆ: ಅದರ ವಿ-ನ್ಯಾವ್ ಬರೀ ಸಲಹೆ, ಆಟೋಪೈಲಟ್‌ಗೆ ಜೋಡಣೆಯಿಲ್ಲ. ಅದು ತೋರಿಸುವ ಇಳಿಕೆ ದರವನ್ನು ಆಟೋಪೈಲಟ್‌ನ ವಿಎಸ್ (ಏರಿಳಿತದ ದರ) ಮೋಡ್‌ನಲ್ಲಿ ನೀವೇ ಹಾಕಬೇಕು.

ರನ್‌ವೇಗೆ ಇಳಿಯುವ ಅಂತಿಮ ಅಪ್ರೋಚ್‌ಗೆ ವಿಎನ್‌ವಿ ಅಲ್ಲ, ಎಪಿಆರ್ (ಅಪ್ರೋಚ್) ಬಟನ್ ಒತ್ತಿ.